ಟಿವಿ ಕಾಮಿಡಿಯಲ್ಲಿ ಸಲಿಂಗಿಗಳ ಬಗೆಗಿನ ತಮಾಷೆ: ಮಲೆನಾಡಿನ ವೀಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಕಿರುತೆರೆಯ ಹಾಸ್ಯ ಕಾರ್ಯಕ್ರಮಗಳಲ್ಲಿ ಸಲಿಂಗಿಗಳನ್ನು ನಗೆಪಾಟಲು ಮಾಡಿದಾಗ ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆಗಳು ಆಕ್ಷೇಪ ಎತ್ತುತ್ತವೆ. ಅಂಥ ಸುದ್ದಿ ಬಂದಾಗಲೆಲ್ಲ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯ ವೀಕ್ಷಕರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಕೆಲವರು ಬೇಸರದಿಂದ ಕೇಳುತ್ತಾರೆ, ಕೆಲವರು ನಿಜಕ್ಕೂ ತಿಳಿದುಕೊಳ್ಳಲು ಕೇಳುತ್ತಾರೆ, ಇನ್ನು ಕೆಲವರು ತಮ್ಮ ಮನೆಯಲ್ಲೇ ಯಾರೋ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಾರೆ. ಮೂವರಿಗೂ ಉತ್ತರ ಸಲ್ಲಬೇಕು.

ಹಾಗಾದರೆ ಈ ವಿಷಯದಲ್ಲಿ ನಗಲೇಬಾರದೇ?

ಖಂಡಿತ ನಗಬಹುದು. ಆಕ್ಷೇಪ ಇರುವುದು ಒಂದು ನಿರ್ದಿಷ್ಟ ಬಗೆಯ ತಮಾಷೆಗೆ. ಅದು ಹೇಗಿರುತ್ತದೆ ಎಂಬುದನ್ನು ಎಲ್ಲರೂ ನೋಡಿಯೇ ಇರುತ್ತೀರಿ. ಇಬ್ಬರು ಗೆಳೆಯರು ಬಹಳ ದಿನಗಳ ನಂತರ ಭೇಟಿಯಾಗಿ ಅಪ್ಪಿಕೊಳ್ಳುತ್ತಾರೆ. ಅಪ್ಪುಗೆ ಎರಡು ಕ್ಷಣ ಹೆಚ್ಚಾಗುತ್ತದೆ, ಹಿನ್ನೆಲೆ ಸಂಗೀತ ಬದಲಾಗುತ್ತದೆ, ಮೂರನೆಯವನು ಮಣಿಕಟ್ಟು ಬಳುಕಿಸಿ ಸೊಂಟ ತಿರುಗಿಸುತ್ತಾನೆ, "ಇವನ ಪಕ್ಕ ಮಲಗಬೇಡ್ರಪ್ಪ, ಹುಷಾರು" ಎನ್ನುತ್ತಾನೆ. ತೀರ್ಪುಗಾರರ ಕುರ್ಚಿಯಲ್ಲಿ ಕುಳಿತವರು ಮೇಜು ತಟ್ಟಿ ನಗುತ್ತಾರೆ. ಈ ದೃಶ್ಯದಲ್ಲಿ ಕಥೆಯಿಲ್ಲ, ಮಾತಿನ ಚಮತ್ಕಾರವಿಲ್ಲ, ಪಾತ್ರದ ಮೂರ್ಖತನವೂ ಇಲ್ಲ. ಒಬ್ಬ ಮನುಷ್ಯ ಇಂಥವನಿರಬಹುದು ಎಂಬ ಅನುಮಾನ ಒಂದೇ ಸಾಕು, ಅವನು ಹಾಸ್ಯಕ್ಕೂ ಭಯಕ್ಕೂ ವಸ್ತುವಾಗುತ್ತಾನೆ.

ಇದೇ ವಿಷಯವನ್ನು ಬೇರೆ ರೀತಿಯಲ್ಲಿ ಬರೆಯಬಹುದು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗ ತನ್ನ ಸಂಗಾತಿಯನ್ನು ಊರಿಗೆ ಕರೆತರುತ್ತಾನೆ ಎಂದುಕೊಳ್ಳೋಣ. ಬಂದ ಹುಡುಗನಿಗೆ ಪತ್ರೊಡೆ ಬಡಿಸಿ ಬಡಿಸಿ ಸುಸ್ತು ಮಾಡುವ ಅತ್ತೆ, ಗೋತ್ರ ಯಾವುದು ಎಂದು ವಿಚಾರಿಸಿಯೇ ತೀರುವ ಮಾವ, "ಅಡಿಕೆ ಮರ ಹತ್ತಲು ಬರುತ್ತದೋ ಇಲ್ಲವೋ ಅಷ್ಟು ಹೇಳಿ" ಎನ್ನುವ ಅಜ್ಜ, ಇವರೆಲ್ಲರನ್ನೂ ಕಂಡು ಹೊಟ್ಟೆ ತುಂಬ ನಗಬಹುದು. ಇಲ್ಲಿ ನಗು ನಮ್ಮ ಮನೆಗಳ ರೀತಿನೀತಿಯ ಮೇಲೆ ಬೀಳುತ್ತದೆ. ಇಂಥ ಹಾಸ್ಯಕ್ಕೆ ಯಾವ ಸಂಘಟನೆಯೂ ಅಡ್ಡಿ ಮಾಡಬೇಕಾಗಿಲ್ಲ. ಮಾಡಿದರೆ ಅದು ತಪ್ಪು ಎಂದೇ ಹೇಳಬೇಕಾಗುತ್ತದೆ.

ಒಂದು ತಮಾಷೆಯಿಂದ ಯಾರಿಗೆ ಏನು ನಷ್ಟ?

ಈ ಪ್ರಶ್ನೆಗೆ ಮಲೆನಾಡಿನಲ್ಲಿ ಕುಳಿತು ಉತ್ತರಿಸುವುದಕ್ಕೂ ಬೆಂಗಳೂರಿನಲ್ಲಿ ಕುಳಿತು ಉತ್ತರಿಸುವುದಕ್ಕೂ ವ್ಯತ್ಯಾಸವಿದೆ. ಬೆಂಗಳೂರಿನಲ್ಲಿ 'ಗುಡ್ ಆಸ್ ಯು' ಎಂಬ ಗುಂಪು 1994ರಿಂದ ಸಲಿಂಗಿಗಳಿಗೆ ಕೂಡಿ ಮಾತನಾಡಲು ಜಾಗ ಒದಗಿಸಿತು, 1999ರಲ್ಲಿ 'ಸಂಗಮ' ಸಂಸ್ಥೆ ಆರಂಭವಾಯಿತು, 2008ರಿಂದ ಪ್ರತಿವರ್ಷ ಹೆಮ್ಮೆಯ ಮೆರವಣಿಗೆ ನಡೆಯುತ್ತಿದೆ. ಅಲ್ಲಿ ಟಿವಿಯಲ್ಲಿ ಒಂದು ಕೆಟ್ಟ ತಮಾಷೆ ಬಂದರೆ, ಅದಕ್ಕೆ ಉತ್ತರವಾಗಿ ನಿಲ್ಲುವ ಹತ್ತು ಬೇರೆ ಮಾತುಗಳು ಕಿವಿಗೆ ಬೀಳುವ ಸಾಧ್ಯತೆ ಇದೆ.

ಹೊಸನಗರದ ಆಚೆಯ ಒಂಟಿಮನೆಯೊಂದರಲ್ಲಿ ಅಡಿಕೆ ಸುಲಿತದ ಒಂದು ರಾತ್ರಿಯನ್ನು ಎಣಿಸಿಕೊಳ್ಳಿ. ಅಂಗಳದಲ್ಲಿ ಬಲ್ಬು ಉರಿಯುತ್ತಿರುತ್ತದೆ, ಹತ್ತು ಹನ್ನೆರಡು ಮಂದಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಹಸಿ ಅಡಿಕೆ ಸುಲಿಯುತ್ತಿರುತ್ತಾರೆ, ನಿದ್ದೆ ಬಾರದಿರಲೆಂದು ಜಗಲಿಯ ಟಿವಿಯಲ್ಲಿ ಕಾಮಿಡಿ ಹಾಕಿರುತ್ತಾರೆ. ಮೇಲೆ ಹೇಳಿದ ದೃಶ್ಯ ಬರುತ್ತದೆ. ಎಲ್ಲರೂ ನಗುತ್ತಾರೆ. ಆ ಸಾಲಿನಲ್ಲಿ ಪಿಯುಸಿ ಓದುವ ಒಬ್ಬ ಹುಡುಗನಿದ್ದಾನೆ. ತಾನು ಯಾರೆಂಬುದು ಅವನಿಗೆ ಒಂದೆರಡು ವರ್ಷಗಳಿಂದ ಗೊತ್ತಿದೆ, ಬೇರೆ ಯಾರಿಗೂ ಗೊತ್ತಿಲ್ಲ. ಅವನೂ ನಗಲೇಬೇಕು, ನಗದಿದ್ದರೆ ಪಕ್ಕದವರು ಮುಖ ನೋಡುತ್ತಾರೆ. ಮರುದಿನ ಚಿಕ್ಕಪ್ಪ ಅದೇ ಮಾತನ್ನು ಮತ್ತೊಬ್ಬರಿಗೆ ಹೇಳಿ ನಗಿಸುತ್ತಾರೆ. ಆ ಮನೆಯಲ್ಲಿ ಈ ವಿಷಯದ ಬಗ್ಗೆ ಅವನ ಜೀವಮಾನದಲ್ಲಿ ಯಾರಾದರೂ ಆಡಿದ ಮಾತು ಅದೊಂದೇ ಆಗಿರುತ್ತದೆ. ಅಪ್ಪನಾಗಲಿ, ಮೇಷ್ಟರಾಗಲಿ, ಪಾಠಪುಸ್ತಕವಾಗಲಿ ಬೇರೆ ಏನನ್ನೂ ಹೇಳಿರುವುದಿಲ್ಲ. ಪಕ್ಕದ ಮನೆ ಒಂದು ಗುಡ್ಡ ದಾಟಿದರೆ ಸಿಗುತ್ತದೆ, ಮಳೆಗಾಲದಲ್ಲಿ ಕರೆಂಟೂ ಇಲ್ಲ, ಮೊಬೈಲಿಗೆ ಸಿಗ್ನಲ್ಲೂ ಇಲ್ಲ.

ಸಂಘಟನೆಗಳ ಆಕ್ಷೇಪದ ತಿರುಳು ಇದು: ತಮಾಷೆಗೆ ಗುರಿಯಾದವನು ದೂರದ ಊರಿನ ಯಾರೋ ಅಲ್ಲ, ನಗುವವರ ಜೊತೆಯಲ್ಲೇ ಕುಳಿತಿದ್ದಾನೆ, ಮತ್ತು ತನ್ನ ಮನೆಯವರು ತನ್ನಂಥವರ ಬಗ್ಗೆ ಏನೆಣಿಸುತ್ತಾರೆ ಎಂಬುದನ್ನು ಆ ನಗುವಿನಿಂದಲೇ ಕಲಿಯುತ್ತಿದ್ದಾನೆ.

ಯಕ್ಷಗಾನದಲ್ಲಿ ಗಂಡಸರು ಸ್ತ್ರೀವೇಷ ಮಾಡುವುದು ಎಂದಿನಿಂದಲೂ ಇದೆಯಲ್ಲ? ಅದಕ್ಕಿಲ್ಲದ ಆಕ್ಷೇಪ ಟಿವಿಗೆ ಏಕೆ?

ಇದು ನಮ್ಮ ಕಡೆಯವರು ಮಾತ್ರ ಕೇಳಬಲ್ಲ ಪ್ರಶ್ನೆ; ಬಹಳ ಒಳ್ಳೆಯ ಪ್ರಶ್ನೆಯೂ ಹೌದು. ಬಯಲಾಟದ ಒಳ್ಳೆಯ ಸ್ತ್ರೀವೇಷಧಾರಿ ರಂಗಕ್ಕೆ ಬಂದಾಗ ಪ್ರೇಕ್ಷಕರು ದಮಯಂತಿಯನ್ನೋ ಚಿತ್ರಾಂಗದೆಯನ್ನೋ ಕಾಣುತ್ತಾರೆ. ವೇಷದೊಳಗೆ ಗಂಡಸಿದ್ದಾನೆ ಎಂಬುದು ಎಲ್ಲರಿಗೂ ಗೊತ್ತು, ಆದರೆ ಅದನ್ನು ಮರೆಸುವುದರಲ್ಲಿಯೇ ಕಲಾವಿದನ ಸಾಧನೆ ಇದೆ. ಟಿವಿಯ ಕಾಮಿಡಿಯಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಸೀರೆಯ ಒಳಗೆ ಗಂಡಸಿದ್ದಾನೆ ಎಂಬುದನ್ನು ಒಂದು ಕ್ಷಣವೂ ಮರೆಯಲು ಬಿಡುವುದಿಲ್ಲ, ಏಕೆಂದರೆ ಅಲ್ಲಿ ಇರುವ ತಮಾಷೆ ಅದೊಂದೇ.

ಹಾಸ್ಯಗಾರನ ವಿಷಯವನ್ನೂ ಇಲ್ಲಿ ಹೇಳಬೇಕು. ಯಕ್ಷಗಾನದ ಹಾಸ್ಯಗಾರ ದೂತನಾಗಿ, ಬಾಗಿಲು ಕಾಯುವವನಾಗಿ ಬಂದು ಅರಸನನ್ನೇ ಕಾಲೆಳೆಯುತ್ತಾನೆ. ಕೆಳಗಿನವನು ಮೇಲಿನವನನ್ನು ನೋಡಿ ನಗುವ ಪರಂಪರೆ ಅದು. ಹಾಗೆಂದು ನಮ್ಮ ರಂಗಪರಂಪರೆಯಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದೂ ಅಲ್ಲ. ಸ್ತ್ರೀವೇಷ ಮಾಡುವವರನ್ನು ಚೌಕಿಯ ಹೊರಗೆ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆಮನೆಯಲ್ಲಿ ಚುಡಾಯಿಸುವುದು ಇದ್ದೇ ಇದೆ, ಮತ್ತು ಆ ಚುಡಾವಣೆಯ ಭಾಷೆಯನ್ನೇ ಟಿವಿ ಎತ್ತಿಕೊಂಡು ದೊಡ್ಡದು ಮಾಡಿದೆ. ಸೀರೆ ಉಟ್ಟ ಪ್ರತಿಯೊಂದು ಗಂಡು ಪಾತ್ರವೂ ಅವಮಾನ ಎಂದು ದೂರುವುದು ಸರಿಯಲ್ಲ. ಆ ಪಾತ್ರಕ್ಕೆ ಬುದ್ಧಿ, ಮಾತು, ಕಥೆ ಇದೆಯೇ ಎಂದು ನೋಡಿ ನಿರ್ಧರಿಸಬೇಕು.

ಸಲಿಂಗಿಗಳು ಮತ್ತು ಮಂಗಳಮುಖಿಯರು ಒಂದೇ ಅಲ್ಲವೇ?

ಅಲ್ಲ. ಯಾರನ್ನು ಪ್ರೀತಿಸುತ್ತೇವೆ ಎಂಬುದು ಒಂದು ಸಂಗತಿ, ತಾನು ಗಂಡೋ ಹೆಣ್ಣೋ ಎಂಬ ಒಳ ಅರಿವು ಇನ್ನೊಂದು ಸಂಗತಿ. ಹಾಸ್ಯ ಕಾರ್ಯಕ್ರಮಗಳು ಎರಡನ್ನೂ ಕಲಸಿ ಒಂದೇ ಬಳುಕು ನಡಿಗೆಯಲ್ಲಿ ತೋರಿಸುವುದರಿಂದ ಈ ಗೊಂದಲ ಬೆಳೆದಿದೆ. ಜೋಗತಿ ಪರಂಪರೆಯ ಮಂಗಳಮುಖಿ ಕಲಾವಿದೆ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, 2021ರಲ್ಲಿ ಪದ್ಮಶ್ರೀ ಪಡೆದವರು; ಅಂಥವರ ಬದುಕನ್ನು ಬಲ್ಲ ನಾಡಿನಲ್ಲಿ ಈ ಅಗ್ಗದ ಅನುಕರಣೆ ಇನ್ನೂ ನಡೆಯುತ್ತಿರುವುದು ನೋವಿನ ವಿಷಯ.

ಕಾನೂನು ಏನು ಹೇಳುತ್ತದೆ? ಸಲಿಂಗ ಪ್ರೇಮ ಅಪರಾಧವಾಗಿತ್ತಲ್ಲವೇ?

1860ರಲ್ಲಿ ಬ್ರಿಟಿಷರು ತಂದ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಅಡಿಯಲ್ಲಿ ಹಾಗಿತ್ತು. 2009ರಲ್ಲಿ ದೆಹಲಿ ಹೈಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು ಅದರಿಂದ ಹೊರಗಿಟ್ಟಿತು, 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು, ಕೊನೆಗೆ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಒಮ್ಮತದಿಂದ ಅದು ಅಪರಾಧವಲ್ಲ ಎಂದು ಸಾರಿತು. ಈ ಸಮುದಾಯಕ್ಕೂ ಅವರ ಕುಟುಂಬಗಳಿಗೂ ಇತಿಹಾಸ ಕ್ಷಮೆ ಕೇಳಬೇಕಾಗಿದೆ ಎಂದು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಆಗ ಬರೆದರು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ರೋಹಿಂಟನ್ ನರಿಮನ್ ಅವರು, ಈ ಸಮುದಾಯದ ಮೇಲಿನ ಕಳಂಕ ಕಡಿಮೆಯಾಗಲೆಂದು ತೀರ್ಪಿಗೆ ಟಿವಿ, ರೇಡಿಯೊ, ಪತ್ರಿಕೆಗಳ ಮೂಲಕ ವ್ಯಾಪಕ ಪ್ರಚಾರ ಕೊಡಬೇಕೆಂದು ಕೇಂದ್ರ ಸರ್ಕಾರಕ್ಕೆ ಸೂಚಿಸಿದರು. ಹಾಸ್ಯ ಕಾರ್ಯಕ್ರಮಗಳ ವಿಷಯ ಮಾತನಾಡುವಾಗ ಈ ಸೂಚನೆಯನ್ನು ನೆನೆಯುವವರು ಕಡಿಮೆ. ಕಳಂಕ ತೊಳೆಯಲು ಯಾವ ಮಾಧ್ಯಮವನ್ನು ಬಳಸಬೇಕೆಂದು ನ್ಯಾಯಾಲಯ ಹೇಳಿತೋ, ಅದೇ ಮಾಧ್ಯಮ ಆ ಕಳಂಕವನ್ನು ರಾತ್ರಿಯ ಊಟದ ಹೊತ್ತಿಗೆ ಮನೆಮನೆಗೆ ಹಂಚುತ್ತಿದೆ.

2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲಿಲ್ಲ ಎಂಬುದೂ ನಿಜ. ಆದರೆ ಆ ತೀರ್ಪು ಮದುವೆಗೆ ಸಂಬಂಧಿಸಿದ್ದು. 2018ರ ತೀರ್ಪು ಹಾಗೆಯೇ ಉಳಿದಿದೆ.

ಇದು ಕಾಯಿಲೆ, ಚಿಕಿತ್ಸೆ ಕೊಡಿಸಬಹುದು ಎಂದು ಕಾರ್ಯಕ್ರಮಗಳಲ್ಲಿ ಹೇಳುತ್ತಾರಲ್ಲ?

ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿದವು. ಭಾರತೀಯ ಮನೋವೈದ್ಯಕೀಯ ಸಂಘವೂ 2018ರಲ್ಲಿ ಇದೇ ಮಾತನ್ನು ಸ್ಪಷ್ಟವಾಗಿ ಹೇಳಿತು. 'ಸರಿಪಡಿಸುವ' ಚಿಕಿತ್ಸೆ ಕೊಡುವುದು ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಘೋಷಿಸಿದೆ. ಆದ್ದರಿಂದ ಪಾತ್ರವೊಂದು ಹುಡುಗನನ್ನು ಡಾಕ್ಟರ ಬಳಿಗೋ ಮಂತ್ರವಾದಿಯ ಬಳಿಗೋ ಎಳೆದೊಯ್ಯುವ ದೃಶ್ಯಕ್ಕೆ ಬರುವ ಆಕ್ಷೇಪ ಅಭಿರುಚಿಗೆ ಮಾತ್ರ ಸಂಬಂಧಿಸಿದ್ದಲ್ಲ. ಅದನ್ನು ನೋಡಿ ನಿಜವಾಗಿಯೇ ಮಗನನ್ನು ಎಳೆದೊಯ್ಯುವ ತಂದೆತಾಯಿಯರು ಇದ್ದಾರೆ.

ಈ ಆಕ್ಷೇಪ ಎತ್ತುವ ಪದ್ಧತಿ ವಿದೇಶದಿಂದ ಬಂದದ್ದಲ್ಲವೇ?

ಟಿವಿಯೂ ಹೊರಗಿನಿಂದಲೇ ಬಂತು, 377ನೇ ಕಲಮೂ ಹೊರಗಿನಿಂದಲೇ ಬಂತು. ಆದರೂ ಈ ಆಕ್ಷೇಪಗಳ ಇತಿಹಾಸ ತಿಳಿಯುವುದು ಒಳ್ಳೆಯದು, ಏಕೆಂದರೆ ಅದರಿಂದ ನಾವು ಕಲಿಯುವುದಿದೆ. 1973ರ ಡಿಸೆಂಬರ್ 11ರಂದು ಮಾರ್ಕ್ ಸೀಗಲ್ ಎಂಬ ಯುವಕ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ವಾಲ್ಟರ್ ಕ್ರಾಂಕೈಟ್ ಸುದ್ದಿ ಓದುತ್ತಿದ್ದಾಗ ಕ್ಯಾಮೆರಾಕ್ಕೂ ಅವರಿಗೂ ನಡುವೆ ನುಗ್ಗಿ, ಸಲಿಂಗಿಗಳ ಬಗೆಗಿನ ವಾಹಿನಿಯ ಪೂರ್ವಗ್ರಹವನ್ನು ಖಂಡಿಸುವ ಫಲಕ ಹಿಡಿದರು. ಆ ಕಾಲದಲ್ಲಿ ಅವರಂಥವರ ಮಾತು ಕೇಳಿಸಿಕೊಳ್ಳಲು ವಾಹಿನಿಗಳಲ್ಲಿ ಯಾರೂ ಸಿದ್ಧರಿರಲಿಲ್ಲ. 1977ರಲ್ಲಿ ಎಬಿಸಿ ವಾಹಿನಿಯ 'ಸೋಪ್' ಎಂಬ ಹಾಸ್ಯ ಧಾರಾವಾಹಿ ಶುರುವಾಗುವ ಮೊದಲೇ ಎರಡು ದಿಕ್ಕಿನಿಂದ ವಿರೋಧ ಬಂತು: ಸಲಿಂಗಿ ಪಾತ್ರ ಇರಲೇಬಾರದೆಂದು ಧಾರ್ಮಿಕ ಗುಂಪುಗಳು, ಆ ಪಾತ್ರವನ್ನು ಹಳೆಯ ಅಚ್ಚಿನಲ್ಲಿ ಎರಕ ಹೊಯ್ದಿದ್ದಾರೆಂದು ಸಲಿಂಗಿ ಸಂಘಟನೆಗಳು. ಬಿಲ್ಲಿ ಕ್ರಿಸ್ಟಲ್ ನಟಿಸಿದ ಆ ಪಾತ್ರ, ಕೊರತೆಗಳ ನಡುವೆಯೂ, ಅಮೆರಿಕದ ಟಿವಿಯಲ್ಲಿ ಕಥೆಯುದ್ದಕ್ಕೂ ಉಳಿದ ಮೊದಮೊದಲ ಸಲಿಂಗಿ ಪಾತ್ರಗಳಲ್ಲಿ ಒಂದಾಯಿತು. ಪೂರ್ತಿ ನೋಡುವ ಮೊದಲು ತೀರ್ಮಾನ ಕೊಡಬಾರದು ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

1985ರಲ್ಲಿ ನ್ಯೂಯಾರ್ಕ್‌ನಲ್ಲಿ ಗ್ಲಾಡ್ ಎಂಬ ಸಂಸ್ಥೆ ಹುಟ್ಟಿತು, ಏಡ್ಸ್ ಕುರಿತ ಪತ್ರಿಕೆಗಳ ಕೆಟ್ಟ ವರದಿಗಾರಿಕೆಯನ್ನು ವಿರೋಧಿಸುವುದಕ್ಕಾಗಿ. ಅದು ಬರೀ ಖಂಡನೆಯಲ್ಲಿ ನಿಲ್ಲದೆ, ಒಳ್ಳೆಯ ಚಿತ್ರಣಕ್ಕೆ ಪ್ರಶಸ್ತಿ ಕೊಡುವ ಕ್ರಮವನ್ನೂ 1990ರಿಂದ ಬೆಳೆಸಿತು. 2011ರಲ್ಲಿ ಟ್ರೇಸಿ ಮಾರ್ಗನ್ ಎಂಬ ಹಾಸ್ಯನಟ ಒಂದು ಊರಿನ ವೇದಿಕೆಯ ಮೇಲೆ ಸಲಿಂಗಿಗಳ ಬಗ್ಗೆ ಕ್ರೂರವಾಗಿ ಮಾತನಾಡಿದಾಗ, ಅವರು ಕ್ಷಮೆ ಕೇಳಿ, ಅದೇ ಸಂಸ್ಥೆಯವರ ಜೊತೆ ಆ ಊರಿಗೆ ಮರಳಿ ಹೋಗಿ ನೊಂದವರನ್ನು ಭೇಟಿಯಾದರು. ಬಂಧಿಸಿ, ನಿಷೇಧಿಸಿ ಎಂಬ ಕೂಗಿಗಿಂತ ಇದು ಎಷ್ಟೋ ಮೇಲು.

ಹಾಸ್ಯಗಾರರ ವಾಕ್ ಸ್ವಾತಂತ್ರ್ಯದ ಕಥೆಯೇನು?

ವಾಕ್ ಸ್ವಾತಂತ್ರ್ಯ ಹಾಸ್ಯಗಾರರಿಗೂ ಇದೆ, ಅವರನ್ನು ಟೀಕಿಸುವ ವೀಕ್ಷಕರಿಗೂ ಇದೆ. ದೂರು ಕೊಡುವುದು ಕೂಡ ಮಾತನಾಡುವ ಒಂದು ವಿಧಾನ. 2024ರ ಜುಲೈ 8ರಂದು ಅಂಗವಿಕಲರ ಚಿತ್ರಣಕ್ಕೆ ಸಂಬಂಧಿಸಿದ ನಿಪುಣ್ ಮಲ್ಹೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾಡಿದ ವಿಂಗಡಣೆ ನಮಗೂ ದಾರಿ ತೋರಿಸುತ್ತದೆ. ಅಂಗವೈಕಲ್ಯದ ಬಗೆಗಿನ ಹಳೆಯ ತಿಳಿವಳಿಕೆಯನ್ನು ಪ್ರಶ್ನಿಸುವ ಹಾಸ್ಯ ಬೇರೆ, ಆ ಜನರನ್ನೇ ಕುಗ್ಗಿಸುವ ಹಾಸ್ಯ ಬೇರೆ ಎಂದು ನ್ಯಾಯಾಲಯ ಹೇಳಿತು. ಚಿತ್ರಣ ಹೇಗಿರಬೇಕೆಂಬ ಬಗ್ಗೆ ಮಾರ್ಗಸೂಚಿಗಳನ್ನೂ ಕೊಟ್ಟಿತು. ಆ ತೀರ್ಪು ಸಲಿಂಗಿಗಳ ಬಗ್ಗೆ ಬಂದದ್ದಲ್ಲವಾದರೂ, ಅಲ್ಲಿ ಬಳಸಿದ ಅಳತೆ ಇಲ್ಲಿಗೂ ಹೊಂದುತ್ತದೆ.

ದೂರು ಯಾರು ಕೊಡಬಹುದು? ಕೊಟ್ಟರೆ ನನ್ನನ್ನೂ ಹಾಗೆಯೇ ಎಂದುಕೊಳ್ಳುವುದಿಲ್ಲವೇ?

ಕಾರ್ಯಕ್ರಮ ನೋಡಿದ ಯಾರು ಬೇಕಾದರೂ ಕೊಡಬಹುದು. ದೂರಿನಲ್ಲಿ ಹೆಸರು, ವಿಳಾಸ ಬೇಕಾಗುತ್ತದೆ. ಆದರೆ ನೀವು ಯಾರನ್ನು ಪ್ರೀತಿಸುತ್ತೀರಿ ಎಂದು ಹೇಳಬೇಕಾದ ಅಗತ್ಯ ಎಲ್ಲಿಯೂ ಇಲ್ಲ.

ಎಲ್ಲರಿಗೂ ಎಲ್ಲರೂ ಗೊತ್ತಿರುವ ನಮ್ಮ ಊರುಗಳಲ್ಲಿ, ನಿಜವಾಗಿ ನೊಂದವರು ಹೆಸರು ಹಾಕಿ ದೂರು ಕೊಡುವ ಸ್ಥಿತಿಯಲ್ಲಿ ಇರುವುದಿಲ್ಲ. ಮೇಲೆ ಹೇಳಿದ ಹುಡುಗ ಪತ್ರ ಬರೆಯಲಾರ. ಆದ್ದರಿಂದ ಈ ಕೆಲಸ ಅವನ ಅಕ್ಕನದ್ದು, ಶಾಲೆಯ ಮೇಷ್ಟರದ್ದು, ನಿವೃತ್ತ ಬ್ಯಾಂಕ್ ನೌಕರರದ್ದು, ಮಹಿಳಾ ಮಂಡಳಿಯ ಸದಸ್ಯೆಯದ್ದು. ಹೆಸರು ಹಾಕಿದರೆ ಯಾವ ನಷ್ಟವೂ ಆಗದವರು ಹೆಸರು ಹಾಕಬೇಕು. "ಅವರ ಸಮಸ್ಯೆ, ಅವರ ಸಂಘಟನೆ ನೋಡಿಕೊಳ್ಳಲಿ" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಎಲ್ಲಿ, ಹೇಗೆ ಬರೆಯಬೇಕು?

ಮೊದಲು ಚಾನೆಲ್‌ಗೇ ಬರೆಯಬೇಕು. 2021ರ ಜೂನ್‌ನಲ್ಲಿ ತಿದ್ದುಪಡಿಯಾದ ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ಪ್ರತಿ ಚಾನೆಲ್‌ನಲ್ಲಿಯೂ ದೂರು ಅಧಿಕಾರಿ ಇರಬೇಕು, ಅವರ ವಿವರ ಚಾನೆಲ್‌ನ ಜಾಲತಾಣದಲ್ಲಿರಬೇಕು. ದೂರು ತಲುಪಿದ 24 ಗಂಟೆಯೊಳಗೆ ಸ್ವೀಕೃತಿ, 15 ದಿನಗಳೊಳಗೆ ತೀರ್ಮಾನ ಕೊಡಬೇಕು. ಏನನ್ನು ಪ್ರಸಾರ ಮಾಡಬಾರದು ಎಂದು ಹೇಳುವ ಕಾರ್ಯಕ್ರಮ ಸಂಹಿತೆ ಇರುವುದು ಇದೇ ನಿಯಮಗಳ 6ನೇ ನಿಯಮದಲ್ಲಿ. ಸಲಿಂಗಿಗಳು ಎಂಬ ಪದ ಅದರಲ್ಲಿಲ್ಲ. ಆದರೆ ಸದಭಿರುಚಿ, ಸಭ್ಯತೆಗೆ ಧಕ್ಕೆ ತರುವ ಮತ್ತು ಸಮಾಜದ ಕೆಲವು ಗುಂಪುಗಳನ್ನು ಹೀನಾಯಗೊಳಿಸುವ ಕಾರ್ಯಕ್ರಮ ಪ್ರಸಾರವಾಗಬಾರದು ಎಂಬ ಅಂಶಗಳಿವೆ. ದೂರಿಗೆ ಆಧಾರ ಅವೇ.

ಸಿಟ್ಟಿನ ಪತ್ರಕ್ಕಿಂತ ವಿವರವಾದ ಪತ್ರಕ್ಕೆ ಬೆಲೆ ಹೆಚ್ಚು. "ನಿಮ್ಮ ಕಾರ್ಯಕ್ರಮ ಅಸಹ್ಯ" ಎಂದು ಬರೆದರೆ ಉತ್ತರ ಬಂದರೂ ಅದರಲ್ಲಿ ಏನೂ ಇರುವುದಿಲ್ಲ. ಹೀಗೆ ಬರೆಯಬಹುದು:

"ಮಾನ್ಯರೇ, ನಿಮ್ಮ ಚಾನೆಲ್‌ನಲ್ಲಿ ಇಂಥ ದಿನಾಂಕ ರಾತ್ರಿ ಇಷ್ಟು ಗಂಟೆಗೆ ಪ್ರಸಾರವಾದ ಇಂಥ ಕಾರ್ಯಕ್ರಮದ ಸಂಚಿಕೆಯನ್ನು ಪೂರ್ತಿಯಾಗಿ ನೋಡಿದ್ದೇನೆ. ಅದರ ಎರಡನೆಯ ಪ್ರಹಸನದಲ್ಲಿ ಇಬ್ಬರು ಗಂಡಸರ ಪ್ರೀತಿಯನ್ನು ಅಂಟುರೋಗ ಎಂದು ಕರೆದು, ಅವರನ್ನು ಮನೆಯಿಂದ ಹೊರಹಾಕುವುದನ್ನು ನಗುವ ಸಂಗತಿಯಾಗಿ ತೋರಿಸಲಾಗಿದೆ. ಆ ಸಂಭಾಷಣೆಯನ್ನು ಕೆಳಗೆ ಬರೆದಿದ್ದೇನೆ. ಇದು ಕಾರ್ಯಕ್ರಮ ಸಂಹಿತೆಗೆ ವಿರುದ್ಧವಾಗಿದೆ. ಈ ಭಾಗವನ್ನು ಮರುಪ್ರಸಾರದಿಂದಲೂ ನಿಮ್ಮ ಯೂಟ್ಯೂಬ್ ಪುಟದಿಂದಲೂ ತೆಗೆಯಬೇಕೆಂದು, ಕ್ರಮದ ವಿವರವನ್ನು ತಿಳಿಸಬೇಕೆಂದು ಕೋರುತ್ತೇನೆ."

ಸಂಭಾಷಣೆಯನ್ನು ನೆನಪಿನಿಂದ ಬರೆಯದೆ, ಸಂಚಿಕೆಯನ್ನು ಮತ್ತೊಮ್ಮೆ ಹಾಕಿ ಅಕ್ಷರಶಃ ಬರೆದುಕೊಳ್ಳಿ. ಒಂದು ಪದ ತಪ್ಪಿದರೂ ಅದನ್ನೇ ಹಿಡಿದು ದೂರು ತಳ್ಳಿಹಾಕಲು ಅವಕಾಶವಾಗುತ್ತದೆ.

ನಮ್ಮದು ಡಿಶ್. ಕೇಬಲ್‌ನವರೂ ಇಲ್ಲ. ದೂರು ಕೊಡಬಹುದೇ?

ಕೊಡಬಹುದು. ಕಾರ್ಯಕ್ರಮಕ್ಕೆ ಚಾನೆಲ್ ಹೊಣೆ, ಡಿಶ್ ಹಾಕಿದವರಲ್ಲ. ಊರಿನ ಕೇಬಲ್‌ನಲ್ಲಿ ಮಾತ್ರ ಬರುವ ಸ್ಥಳೀಯ ಚಾನೆಲ್ ಆದರೆ ಜಿಲ್ಲಾಧಿಕಾರಿಗಳಿಗೂ ಬರೆಯಬಹುದು; ಕೇಬಲ್ ಟಿವಿ ಕಾಯ್ದೆಯ ಪ್ರಕಾರ ಅವರು ಅಧಿಕೃತ ಅಧಿಕಾರಿ. ಇಂಟರ್ನೆಟ್ ಮೂಲಕ ಕಾರ್ಯಕ್ರಮ ತೋರಿಸುವ ಒಟಿಟಿ ವೇದಿಕೆಗಳಿಗೆ 2021ರ ಮಾಹಿತಿ ತಂತ್ರಜ್ಞಾನ (ಐಟಿ) ನಿಯಮಗಳಲ್ಲಿ ಇಂಥದ್ದೇ ಪ್ರತ್ಯೇಕ ವ್ಯವಸ್ಥೆ ಇದೆ.

ಮನೆಯ ಹುಡುಗನೋ ಹುಡುಗಿಯೋ ಇಂಥ ಕಾರ್ಯಕ್ರಮ ಬಂದಾಗ ಎದ್ದು ಹೋಗುತ್ತಾರೆ. ಏನು ಮಾಡಬೇಕು?

ಹಿಂದೆ ಹೋಗಿ ವಿಚಾರಣೆ ಮಾಡಬೇಡಿ. ಉಳಿದವರ ಎದುರಿನಲ್ಲಿ, ಎಲ್ಲರಿಗೂ ಕೇಳುವಂತೆ, "ಇದರಲ್ಲಿ ನಗುವುದಕ್ಕೆ ಏನಿದೆ, ಅವರೂ ಯಾರೋ ಹೆತ್ತ ಮಕ್ಕಳೇ" ಎಂದು ಒಂದು ಮಾತು ಹೇಳಿ, ಚಾನೆಲ್ ಬದಲಿಸಿ. ಅದು ಕೇಳಬೇಕಾದ ಕಿವಿಗೆ ಕೇಳಿಸುತ್ತದೆ. ಮಗು ಮಂಕಾಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲಿಯೂ ಮಾತನಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಚಾನೆಲ್‌ನಿಂದ ಉತ್ತರವೇ ಬರಲಿಲ್ಲ, ಅಥವಾ ಬಂದ ಉತ್ತರ ಸಮಾಧಾನ ತರಲಿಲ್ಲ. ಮುಂದೆ?

ಮುಂದಿನ 15 ದಿನಗಳೊಳಗೆ ಆ ಚಾನೆಲ್ ಸದಸ್ಯವಾಗಿರುವ, ಚಾನೆಲ್‌ಗಳೇ ಕೂಡಿ ಮಾಡಿಕೊಂಡ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಸಲ್ಲಿಸಬಹುದು. ಮನರಂಜನಾ ಚಾನೆಲ್‌ಗಳಿಗಾಗಿ 2011ರಲ್ಲಿ ಸ್ಥಾಪನೆಯಾದ ಬ್ರಾಡ್‌ಕಾಸ್ಟಿಂಗ್ ಕಂಟೆಂಟ್ ಕಂಪ್ಲೇಂಟ್ಸ್ ಕೌನ್ಸಿಲ್, ಅಂದರೆ ಬಿಸಿಸಿಸಿ, ಇಂಥ ಸಂಸ್ಥೆ. ಇದಕ್ಕೆ ನಿವೃತ್ತ ನ್ಯಾಯಮೂರ್ತಿಯೊಬ್ಬರು ಅಧ್ಯಕ್ಷರಾಗಿರುತ್ತಾರೆ. ಮೇಲ್ಮನವಿಯನ್ನು 60 ದಿನಗಳಲ್ಲಿ ಇತ್ಯರ್ಥ ಮಾಡಬೇಕು. ಅಲ್ಲಿಯೂ ಒಪ್ಪಿಗೆಯಾಗದಿದ್ದರೆ ಮತ್ತೆ 15 ದಿನಗಳೊಳಗೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಮುಂದೆ ಹೋಗಬಹುದು. ಮೊದಲ ಪತ್ರದ ಪ್ರತಿ, ಸ್ವೀಕೃತಿಯ ಇಮೇಲ್, ಸಂಚಿಕೆಯ ದಿನಾಂಕ, ಇವಿಷ್ಟು ಪ್ರತಿ ಹಂತದಲ್ಲೂ ಬೇಕಾಗುವುದರಿಂದ ಒಂದೇ ಕಡತದಲ್ಲಿ ಇಟ್ಟುಕೊಳ್ಳಿ. ಅದೇ ಪ್ರಹಸನವನ್ನು ಚಾನೆಲ್ ಮತ್ತೆ ಪ್ರಸಾರ ಮಾಡಿದರೆ, ಹೊಸ ದಿನಾಂಕ ಹಾಕಿ ಹೊಸ ದೂರು ಬರೆಯಿರಿ, ಹಳೆಯ ದೂರಿನ ಪ್ರತಿಯನ್ನು ಅದಕ್ಕೆ ಲಗತ್ತಿಸಿ.